ಗೋಲ್‌ಕೀಪರ್ ತಿನ್ನದ ಸಕ್ಕರೆ

"ಯಾರವ್ರಿ ಈ ಚೀಲ?"

ಯಾದಗಿರಿ ನಿಲ್ದಾಣದಿಂದ ಕಕ್ಕೇರಾ ಬಸ್ಸು ಆಗಷ್ಟೇ ಹೊರಟಿತ್ತು. ಕಂಡಕ್ಟರ್ ಮೌನೇಶ್ವರಿಯ ದನಿ ಹಿಂದಿನ ಸೀಟಿನವರೆಗೂ ಖಣ್ಣನೆ ಕೇಳಿಸಿತು. ಹೆಸರಿನಲ್ಲಷ್ಟೇ ಮೌನ... ಅವಳು ಬಾಯಿ ತೆರೆದರೆ ಡ್ರೈವರ್ ಸಂಗಣ್ಣನಿಗೆ ಹಾರ್ನ್ ಹೊಡೆಯುವ ಕೆಲಸವೇ ಇರುತ್ತಿರಲಿಲ್ಲ!

ಬಾಗಿಲ ಬಳಿ ಎರಡು ಭಾರೀ ಚೀಲಗಳು ದಾರಿಗೆ ಅಡ್ಡ ಬಿದ್ದಿದ್ದವು.

"ನನ್ನವ್ರಿ," ಎಂದು ಎತ್ತರದ ಹುಡುಗನೊಬ್ಬ ಎದ್ದು ನಿಂತ.

"ಎರಡು ಲಗೇಜ್ ಟಿಕೆಟ್ ಆಗ್ತಾವ."

"ಇವು ಲಗೇಜ್ ಅಲ್ರಿ ಮೇಡಂ! ಕಾಲಿಗಿ ಕಟ್ಟೋ ಪ್ಯಾಡು, ಎದಿಗಿ ಕಟ್ಟೋ ಗಾರ್ಡು, ಹೆಲ್ಮೆಟ್ಟು. ನಾ ಹಾಕಿ ಗೋಲ್‌ಕೀಪರ್ ಅದೀನಿ. ಮೈಮ್ಯಾಲ ಹಾಕ್ಕೊಳ್ಳೋ ಸಾಮಾನಿಗಿ ಯಾರಾದ್ರೂ ಟಿಕೆಟ್ ತಗೋತಾರೇನ್ರಿ?"

"ಹಂಗಂದ್ರ ಮೈಮ್ಯಾಲ ಹಾಕ್ಕೊಂಡ ಕುಂದರ್ರಿ. ಟಿಕೆಟ್ ಬ್ಯಾಡ."

ಬಸ್ಸೆಲ್ಲ ನಕ್ಕಿತು. ಆದರೆ ಆ ಪುಣ್ಯಾತ್ಮ ಮಾಡಿದ್ದೇನು? ಚೀಲದ ಜಿಪ್ ಎಳೆದು ಒಂದೊಂದೇ ಸಾಮಾನು ತೆಗೆದು ತೊಡತೊಡಗಿದ! ಕಾಲಿಗೆ ದಪ್ಪ ಪ್ಯಾಡು, ಎದೆಗೆ ಗಾರ್ಡು, ತಲೆಗೆ ಜಾಲರಿಯ ಹೆಲ್ಮೆಟ್ಟು. ಪಕ್ಕದ ಸೀಟಿನ ಬಳೆ ಮಾರುವ ಮದೀನಾಬೀ ತನ್ನ ಬುಟ್ಟಿಯನ್ನು ಮಡಿಲಿಗೆ ಎಳೆದುಕೊಂಡು, "ಯಾ ಅಲ್ಲಾ, ನನ್ನ ಬಳಿ ಒಡದೀಯಪ್ಪಾ!" ಎಂದಳು.

ಮೌನೇಶ್ವರಿಗೆ ನಗು ತಡೆಯಲಾಗಲಿಲ್ಲ. ಆದರೂ ಕಂಡಕ್ಟರ್ ಅಲ್ಲವೇ...

"ಒಂದು ಚೀಲ ಖಾಲಿ ಆತು. ಇನ್ನೊಂದರದು ತಗೋರಿ."

"ಅದೊಂದು ಬಿಡ್ರಲ್ಲ ಮೇಡಂ..."

"ಒಬ್ಬರಿಗಿ ಬಿಟ್ರ ಎಲ್ಲಾರಿಗೂ ಬಿಡಬೇಕಾಗ್ತದ. ನೇಮ ಅಂದ್ರ ನೇಮ. ಒಂದು ಸಲ ಸಡಿಲ ಬಿಟ್ಟಿವಂದ್ರ ಮುಂದ ಹಿಡಿಯಾಕ ಬರಂಗಿಲ್ಲ."

ಅವನು ಜಾಲರಿಯ ಹಿಂದಿನಿಂದ ಅವಳನ್ನೇ ನೋಡಿದ. ಆ ನೋಟದಲ್ಲಿ ಜಗಳವಿರಲಿಲ್ಲ.

"ಖರೇ ಮಾತು ಹೇಳಿದ್ರಿ," ಎಂದು ಮೆಲ್ಲಗೆ ಹೇಳಿ ಟಿಕೆಟ್ ತೆಗೆದುಕೊಂಡ.

ಶಹಾಪುರ ದಾಟಿತು. ಸುರಪುರದಲ್ಲಿ ಅವಳ ಪಾಳಿ ಮುಗಿಯಿತು. ಇಳಿದು ತಿರುಗಿ ನೋಡಿದರೆ ಕಿಟಕಿಯಲ್ಲಿ ಆ ಹೆಲ್ಮೆಟ್ಟು ಇನ್ನೂ ಅವಳ ಕಡೆಗೇ ತಿರುಗಿತ್ತು.

ಅಯ್ಯೋ, ನಾನ್ಯಾಕ ತಿರುಗಿ ನೋಡಿದೆ?

* * *

ಅದೇ ವಾರ ಮೌನೇಶ್ವರಿಯ ಮನೆಗೆ ಗಂಡಿನ ಕಡೆಯವರು ಬಂದರು. ಕಕ್ಕೇರಾದ ರೇಣುಕಾದೇವಿ, ಜೊತೆಗೆ ಅವಳ ಅಣ್ಣನ ಮಗ. ಚಹಾದ ತಟ್ಟೆ ಹಿಡಿದು ಹೊರಬಂದ ಮೌನೇಶ್ವರಿ ತಲೆ ಎತ್ತಿ ನೋಡಿದಳು...

ಅವನೇ! ಹೆಲ್ಮೆಟ್ಟಿಲ್ಲ, ಅಷ್ಟೇ.

ಹೆಸರು ಮರಿಲಿಂಗ. ಹತ್ತು ವರ್ಷದವನಿದ್ದಾಗಲೇ ದೂರದ ಕ್ರೀಡಾ ಹಾಸ್ಟೆಲ್ ಸೇರಿದವನು. ಈ ಸಲದ ರಾಷ್ಟ್ರೀಯ ಹಾಕಿ ಲೀಗಿನಲ್ಲಿ ದಖ್ಖನ್ ತಂಡಕ್ಕೆ ಗೋಲ್‌ಕೀಪರ್. ಅಂದು ಸಂಜೆಯ ರೈಲಿಗೇ ಅವನು ಹೊರಡಬೇಕಿತ್ತು.

ಮೌನೇಶ್ವರಿಯ ತಾಯಿ ದುರಗಮ್ಮನ ತವರಿನಲ್ಲಿ ಒಂದು ಪದ್ಧತಿಯಿತ್ತು. ಹೆಣ್ಣು ನೋಡಿದ ಮೇಲೆ ಹುಡುಗನ ಮುಂದೆ ಒಂದು ಬಟ್ಟಲು ಸಕ್ಕರೆ ಇಡುತ್ತಾರೆ. ಅವನು ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡರೆ ಒಪ್ಪಿಗೆ, ಮುಟ್ಟದಿದ್ದರೆ ಇಲ್ಲ. ಯಾರೂ ಬಾಯಿಬಿಟ್ಟು ಕೇಳುವುದಿಲ್ಲ, ಹೇಳುವುದೂ ಇಲ್ಲ. ಎರಡೂ ಮನೆಯ ಮರ್ಯಾದೆ ಉಳಿಯಲಿ ಎಂದು. ಈ ಪದ್ಧತಿ ಎಲ್ಲರ ಮನೆಯಲ್ಲೂ ಇರುತ್ತದೆಂದೇ ದುರಗಮ್ಮ ನಂಬಿದ್ದಳು.

ಬಟ್ಟಲು ಬಂತು. ಮರಿಲಿಂಗ ಮೌನೇಶ್ವರಿಯನ್ನು ನೋಡಿದ. ಕೆಂಪಾದ. ಬಟ್ಟಲನ್ನು ನೋಡಿದ. ಆಮೇಲೆ ಅದನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ,

"ನನಗ ಬ್ಯಾಡ್ರಿ," ಎಂದುಬಿಟ್ಟ.

ದುರಗಮ್ಮನ ಮುಖ ಸಣ್ಣದಾಯಿತು. ಮೌನೇಶ್ವರಿ ಒಳಗೆ ಹೋಗಿ ಒಲೆಯ ಮುಂದೆ ಕುಳಿತಳು. ಕಣ್ಣು ತುಂಬಿ ಬಂದವು.

ಬರೀ ಮುಟ್ಟದಿದ್ದರೆ ಸಾಲದಾಗಿತ್ತೇ? ಎಲ್ಲರ ಮುಂದೆ ಬೇಡ ಅನ್ನಬೇಕಿತ್ತೇ? ಲಗೇಜ್ ಟಿಕೆಟ್ಟಿನ ಸೇಡೇನು ಇದು? ಅಷ್ಟಕ್ಕೇ ಮನೆಯವರೆಗೂ ಬಂದನೇ?

ಅತ್ತ ಮರಿಲಿಂಗನೂ ಕಾದ. ಹುಡುಗಿಯ ಕಡೆಯವರು ಹೇಳಿ ಕಳಿಸುತ್ತಾರೆಂದು ಎರಡು ದಿನಕ್ಕೊಮ್ಮೆ ಅತ್ತೆಗೆ ಫೋನ್ ಮಾಡಿದ. ಅವರು ಯಾಕೆ ಹೇಳಿ ಕಳಿಸುತ್ತಾರೆ, ಪಾಪ!

"ಸುಮ್ಮನಾದಾರಂದ್ರ ಮನಸ್ಸಿಲ್ಲ ಅಂತ ಅರ್ಥ ಮಾಡ್ಕೋ ಮರಿ," ಎಂದಳು ರೇಣುಕಾದೇವಿ ಒಂದು ದಿನ. ಅವನು ಮತ್ತೆ ಕೇಳಲಿಲ್ಲ.

* * *

ಲೀಗ್ ಶುರುವಾಯಿತು. ಮೌನೇಶ್ವರಿ ನೋಡಬಾರದು ಅಂದುಕೊಂಡಳು. ನೋಡಿದಳು! ಸುರಪುರ ನಿಲ್ದಾಣದ ಚಹಾ ಅಂಗಡಿಯಲ್ಲಿ ಸಂಗಣ್ಣನ ಮೊಬೈಲನ್ನು ಸಕ್ಕರೆ ಡಬ್ಬಿಗೆ ಆನಿಸಿಟ್ಟು ಇಬ್ಬರೂ ಪಂದ್ಯ ನೋಡುತ್ತಿದ್ದರು. ಚೆಂಡು ಗೋಲಿನ ಕಡೆಗೆ ಬಂದಾಗಲೆಲ್ಲ ಅವಳ ಉಸಿರು ನಿಲ್ಲುತ್ತಿತ್ತು. ಅವನು ಅಡ್ಡ ಬಿದ್ದು ತಡೆದರೆ ತನಗೇ ಪೆಟ್ಟಾದಂತೆ ಮುಖ ಹಿಂಡುತ್ತಿದ್ದಳು.

"ಬ್ಯಾಡ ಅಂದವನ ಆಟ ಯಾಕ ನೋಡ್ತಿ?" ಎಂದು ಸಂಗಣ್ಣ ಕೆಣಕಿದ.

"ಆಟ ನೋಡಾಕತ್ತೀನಿ. ಅವನ್ನಲ್ಲ."

ತಂಡ ಸೆಮಿಫೈನಲ್ ಗೆದ್ದ ಸಂಜೆ ಕನ್ನಡದ ಚಾನೆಲ್ಲೊಂದು ಮರಿಲಿಂಗನ ಮುಂದೆ ಮೈಕು ಹಿಡಿಯಿತು. ಇಷ್ಟು ಚುರುಕಾಗಿ ಆಡುವುದರ ಗುಟ್ಟೇನು ಎಂದು ಕೇಳಿದರು. ಅವನು ಬೆವರೊರೆಸಿಕೊಂಡು ನಕ್ಕ.

"ಹೋದ ವರ್ಷ ತೂಕ ಜಾಸ್ತಿ ಅಂತ ನನ್ನನ್ನ ತಂಡದಿಂದ ಕೈಬಿಟ್ಟಿದ್ರರಿ. ಈ ಸಲ ಟ್ರೈನರ್ ಸಾಹೇಬರು ಸೀಸನ್ ಮುಗಿಯೋತನ ಸಕ್ರಿ ಬಂದ್ ಅಂದಾರ. ಹೆಣ್ಣು ನೋಡಾಕ ಹೋದಾಗೂ ಮುಂದ ಸಕ್ರಿ ಇಟ್ರು. ಆಸಿ ಆತು ಖರೇ... ಆದ್ರ ಒಬ್ರು ಕಂಡಕ್ಟರ್ ಮೇಡಂ ಹೇಳಿದ್ದು ನೆನಪಾತ್ರಿ. ನೇಮ ಅಂದ್ರ ನೇಮ, ಒಂದು ಸಲ ಸಡಿಲ ಬಿಟ್ರ ಮುಂದ ಹಿಡಿಯಾಕ ಬರಂಗಿಲ್ಲ ಅಂತ. ಮುಟ್ಟಲಿಲ್ಲ."

"ಮತ್ತೆ ಮದುವೆ?"

ಅವನ ನಗು ಆರಿತು. "ಅವರು ಹೇಳಿ ಕಳಸಲಿಲ್ರಿ. ನಾ ಅವರಿಗಿ ಹಿಡಿಸಲಿಲ್ಲ ಕಾಣ್ತದ."

ಮೌನೇಶ್ವರಿಯ ಕೈಯಲ್ಲಿದ್ದ ಚಹಾ ಆರಿ ತಣ್ಣಗಾಯಿತು.

ನನ್ನ ಮಾತು! ನಾನೇ ಹೇಳಿದ ಮಾತು... ಅದನ್ನೇ ಹಿಡಿದುಕೊಂಡು ಕೂತನಲ್ಲ ಈ ಹುಚ್ಚ!

ಅವಳು ಮನೆಗೆ ಓಡಿದಳು. ಅಲ್ಲಿ ದುರಗಮ್ಮ ಹುಣಸಗಿಯ ಹುಡುಗನೊಬ್ಬನ ಫೋಟೋ ಹಿಡಿದು ಕುಳಿತಿದ್ದಳು. ಭಾನುವಾರ ಹೆಣ್ಣು ನೋಡಲು ಬರುತ್ತೇವೆಂದು ಅವರು ಹೇಳಿ ಕಳಿಸಿದ್ದರು.

ಮೌನೇಶ್ವರಿ ವಿಡಿಯೊ ತೋರಿಸಿದಳು. ದುರಗಮ್ಮ ಎರಡೆರಡು ಸಲ ನೋಡಿದಳು.

"ಬಾಯಿಬಿಟ್ಟು ಹೇಳಬಾರದಾಗಿತ್ತಾ ಆ ಹುಡುಗ?"

"ನಾವು ಕೇಳಬಾರದಾಗಿತ್ತಾ ಯವ್ವಾ? ಈಗರ ಅವರ ಅತ್ತಿಗಿ ಒಂದು ಫೋನ್ ಹಚ್ಚು..."

"ಹೆಣ್ಣಿನ ಕಡೆಯವ್ರು ನಾವು. ಬ್ಯಾಡ ಅಂದವರ ಬೆನ್ನ ಹತ್ತಿ ಫೋನ್ ಹಚ್ಚಾಕ ನನ್ನಿಂದ ಆಗಂಗಿಲ್ಲ."

"ಹಂಗಾದ್ರ ನಾನೂ ಹುಣಸಗಿಯವರ ಮುಂದ ಬಂದು ಕುಂದ್ರಂಗಿಲ್ಲ. ನನ್ನ ಮನಸ್ಸಿನ್ಯಾಗ ಅವರೇ ಅದಾರ!"

ಹೇಳಿದ ಮೇಲೆ ಅವಳಿಗೇ ಗಾಬರಿಯಾಯಿತು. ದುರಗಮ್ಮ ಮಗಳ ಮುಖವನ್ನು ದಿಟ್ಟಿಸಿ ನೋಡಿದಳು. ಹಟ ಕಂಡಿತು, ಅದರ ಹಿಂದಿನ ಅಳುವೂ ಕಂಡಿತು.

"ಆತು. ಹುಣಸಗಿಯವರಿಗಿ ಒಂದು ವಾರ ಮುಂದ ಹಾಕ್ತೀನಿ. ಅಷ್ಟರಾಗ ಆ ಹುಡುಗನ ಬಾಯಾಗ ನಮ್ಮ ಸಕ್ರಿ ಬಿದ್ರ ಸರಿ. ಇಲ್ಲಂದ್ರ ನನ್ನ ಮಾತು ಕೇಳಬೇಕು ನೀ."

ಮರುದಿನದಿಂದಲೇ ಮೌನೇಶ್ವರಿ ಯಾದಗಿರಿಯ ಬೆಳಗಿನ ಪಾಳಿ ಕೇಳಿ ಹಾಕಿಸಿಕೊಂಡಳು. ರೈಲಿಳಿದು ಕಕ್ಕೇರಾಕ್ಕೆ ಹೋಗುವವರು ಹತ್ತುವುದು ಅದೇ ಬಸ್ಸನ್ನು. ಟಿಕೆಟ್ ಮಷಿನ್ನಿನ ಚೀಲದಲ್ಲಿ ಚಿಲ್ಲರೆಯ ಪಕ್ಕ ಒಂದು ಸಕ್ಕರೆ ಪೊಟ್ಟಣ ಬೆಚ್ಚಗೆ ಕುಳಿತಿತ್ತು.

ಫೈನಲ್ ಗುರುವಾರ ರಾಂಚಿಯಲ್ಲಿ ನಡೆಯಿತು. ಪಂದ್ಯ ಸಮವಾಗಿ ಶೂಟೌಟಿಗೆ ಹೋಯಿತು. ಒಬ್ಬೊಬ್ಬರೇ ಚೆಂಡು ತಳ್ಳಿಕೊಂಡು ಬರುತ್ತಾರೆ, ಎದುರಿಗೆ ಗೋಲ್‌ಕೀಪರ್ ಒಬ್ಬನೇ. ಮರಿಲಿಂಗ ಬಿದ್ದು ಎದ್ದು ತಡೆದ, ಮತ್ತೆ ತಡೆದ. ಕೊನೆಯ ಚೆಂಡು ಅವನ ಪ್ಯಾಡಿಗೆ ತಾಗಿಯೂ ಒಳಗೆ ಉರುಳಿತು.

ಸೋತರು. ಅವನು ಗೋಲಿನ ಮುಂದೆಯೇ ಮಂಡಿಯೂರಿ ಕುಳಿತುಬಿಟ್ಟ.

"ಸೋತಾಂವ ಅಲ್ಲಿ ಅದಾನ, ಅಳಾಕತ್ತಾಕಿ ನೀ," ಎಂದ ಸಂಗಣ್ಣ. ಈ ಸಲ ಅವನು ಕೆಣಕಲಿಲ್ಲ.

ಶುಕ್ರವಾರ ಅವನು ಬರಲಿಲ್ಲ. ಶನಿವಾರವೂ ಇಲ್ಲ. ಹುಣಸಗಿಯವರು ಬರುವ ಭಾನುವಾರ ಬಂದೇಬಿಟ್ಟಿತು. ಅಂದು ಅವಳಿಗೆ ವಾರದ ರಜೆ, ಆದರೂ ಬೇರೆಯವರ ಪಾಳಿ ಬೇಡಿ ಪಡೆದಳು. ರೈಲು ಬಂತು, ಜನ ಬಂದರು, ಬಸ್ಸು ತುಂಬಿತು. ಅವನಿಲ್ಲ.

ಸಂಗಣ್ಣ ಹಿಂದಕ್ಕೆ ನೋಡಿದ. ಅವಳು ತುಟಿ ಕಚ್ಚಿ ಸೀಟಿ ಊದಿದಳು. ಬಸ್ಸು ಚಲಿಸಿತು...

"ತಡೀರಿ! ತಡೀರಿ!"

ಯಾರೋ ಧಡಧಡ ಓಡಿ ಬರುತ್ತಿದ್ದರು. ಸಂಗಣ್ಣ ಬ್ರೇಕ್ ಒತ್ತಿದ. ಬಾಗಿಲಲ್ಲಿ ಕಾಲಿಗೆ ಪ್ಯಾಡು, ಎದೆಗೆ ಗಾರ್ಡು, ಕೈಗೆ ದಪ್ಪ ಗ್ಲೌಸು, ತಲೆಗೆ ಹೆಲ್ಮೆಟ್ಟು ಹಾಕಿದ ಆಕೃತಿಯೊಂದು ಏದುಸಿರು ಬಿಡುತ್ತಾ ನಿಂತಿತ್ತು!

"ಮತ್ತ ಬಂದಾನ!" ಎಂದು ಮದೀನಾಬೀ ಬಳೆಯ ಬುಟ್ಟಿ ತಬ್ಬಿಕೊಂಡಳು.

"ಈ ಸಲ ಲಗೇಜ್ ಇಲ್ರಿ," ಎಂದ ಮರಿಲಿಂಗ.

ಮೌನೇಶ್ವರಿಗೆ ಮಾತೇ ಹೊರಡಲಿಲ್ಲ. ಅವಳಿಗೆ!

"ಟಿಕೆಟ್ ಉಳಸಾಕ ಅಲ್ರಿ ಮೇಡಂ. ದೂರದಿಂದ ನಿಮ್ಮನ್ನ ಕಂಡು ಅಲ್ಲೇ ಹಾಕ್ಕೊಂಡೆ. ಈ ಜಾಲರಿ ಹಿಂದ ಇದ್ರ ನನಗ ಧೈರ್ಯ ಬರ್ತದ. ಒಂದು ಮಾತು ಕೇಳಬೇಕಾಗಿತ್ತು..." ಅವನ ದನಿ ಇಳಿಯಿತು. "ನಾ ಯಾಕ ಹಿಡಿಸಲಿಲ್ರಿ ನಿಮಗ?"

"ನಮ್ಮ ಮನ್ಯಾಗ ಸಕ್ರಿ ತಿಂದ್ರ ಹುಡುಗಿ ಒಪ್ಪಿಗಿ ಅಂತ ಅರ್ಥ. ನೀವು ತಿನ್ನಲಿಲ್ಲ. ಮ್ಯಾಲ ಬ್ಯಾಡ್ರಿ ಅಂದ್ರಿ!"

ಮದೀನಾಬೀ ಬುಟ್ಟಿ ಬಿಟ್ಟು ಮುಂದಕ್ಕೆ ಬಾಗಿದಳು.

"ಅಂದ್ರ... ನಾನೇ ನಿಮ್ಮನ್ನ ಬ್ಯಾಡ ಅಂದಂಗಾತೇನ್ರಿ? ಸಕ್ರಿ ಬ್ಯಾಡ ಅಂದೆ ಮೇಡಂ. ನೀವಲ್ಲ! ನಿಮ್ಮನ್ನ ಬಸ್ಸಿನಾಗ ನೋಡಿದ ದಿನಾನೇ ಅತ್ತಿ ಹಿಂದ ಬಿದ್ದು ನಿಮ್ಮ ಮನಿ ಹುಡುಕಿಸೀನಿ ನಾ!"

ಅವಳ ಕಣ್ಣು ತುಂಬಿದವು. ಬೆರಳುಗಳು ಚೀಲದೊಳಗೆ ಆ ಪೊಟ್ಟಣವನ್ನು ತಡಕಿದವು.

"ಸೀಸನ್ ಮುಗೀತಲ್ರಿ?"

"ಮುಗೀತ್ರಿ. ಸೋತು ಬಂದೀನಿ."

"ಸೋತವರಿಗಿ ಸಕ್ರಿ ಕೊಡಬಾರದು ಅಂತ ನೇಮ ಇಲ್ಲ ನಮ್ಮಲ್ಲಿ. ಹೆಲ್ಮೆಟ್ ತೆಗೀರಿ."

ಅವನು ತೆಗೆದ. ಬೆವರಿಗೆ ಕೂದಲು ಹಣೆಗೆ ಅಂಟಿತ್ತು. ಗ್ಲೌಸಿನ ಕೈ ಮುಂದೆ ಚಾಚಿ, ಅದನ್ನೇ ನೋಡಿ ಪೆಚ್ಚಾದ. ಆ ಕೈಯಿಂದ ಸಕ್ಕರೆ ಹಿಡಿಯುವುದು ಹೇಗೆ?

"ಬಾಯಿ ತೆಗೀರಿ," ಎಂದಳು ಮೌನೇಶ್ವರಿ.

ಅವಳ ಬೆರಳಿನಿಂದ ಒಂದು ಚಿಟಿಕೆ ಸಕ್ಕರೆ ಅವನ ನಾಲಗೆಗೆ ಬಿತ್ತು. ಅವನು ಕಣ್ಣು ಮುಚ್ಚಿದ.

"ನಾವೆಲ್ಲಾ ಸಾಕ್ಷಿ!" ಎಂದು ಮದೀನಾಬೀ ಕೂಗಿದಳು. ಮುಂದಿನಿಂದ ಸಂಗಣ್ಣ, "ದುರಗಮ್ಮಗ ಫೋನ್ ಹಚ್ಚೀನಿ, ಹುಣಸಗಿಯವರಿಗಿ ಬರಬ್ಯಾಡ್ರಿ ಅಂತ ಹೇಳಾಕತ್ತಾಳ!" ಎಂದ. ಬಸ್ಸೆಲ್ಲ ಚಪ್ಪಾಳೆ ತಟ್ಟಿತು.

ಮರಿಲಿಂಗ ಮೆಲ್ಲಗೆ ಬಾಗಿದ.

"ಒಂದು ಚಿಟಿಕಿ ಸಾಲಂಗಿಲ್ರಿ."

"ನೇಮ ಇರೋದು ಒಂದು ಚಿಟಿಕಿದು."

"ಒಂದು ಸಲ ಸಡಿಲ ಬಿಡ್ರಲ್ಲ..."

ಮೌನೇಶ್ವರಿ ಪೊಟ್ಟಣದಲ್ಲಿ ಉಳಿದಿದ್ದ ಸಕ್ಕರೆಯನ್ನಷ್ಟೂ ಅವನ ಬಾಯಿಗೆ ಸುರಿದಳು.

"ನಿಮಗೊಬ್ಬರಿಗೇ ನೋಡ್ರಿ," ಎಂದಳು, ಬಸ್ಸಿನ ಮಂದಿಯೆಲ್ಲ ನೋಡುತ್ತಿರುವಾಗಲೇ. "ಯಾರಿಗೂ ಹೇಳಬ್ಯಾಡ್ರಿ."