ವಜೀರ ತೊಟ್ಟ ಖಿಲ್ಲತ್ತು

ಕೇಳಿರಪ್ಪಾ, ನಮ್ಮ ಮುತ್ತಜ್ಜನ ಮುತ್ತಜ್ಜನಿಗೂ ಇನ್ನೂ ಮೀಸೆ ಮೂಡದಿದ್ದ ಕಾಲದಲ್ಲಿ ನೀಲಮಿನಾರ್ ಅಂತ ಒಂದು ರಾಜ್ಯವಿತ್ತು. ಅದಕ್ಕೆ ಫರ್ರುಖ್ ಎಂಬ ಎಳೆಯ ಸುಲ್ತಾನ. ಅವನ ಅಕ್ಕ ಶಹಜಾದಿ ಮೆಹರಂಗೇಜ್. ತಾಯಿ ಇಲ್ಲದ ತಮ್ಮನನ್ನು ಎತ್ತಿ ಆಡಿಸಿ ಸಾಕಿದವಳು ಅವಳೇ.

ವಜೀರ ತುಘಾನನಿಗೆ ಸಿಂಹಾಸನದ ಮೇಲೆ ಕಣ್ಣು. ಸಾಲದ್ದಕ್ಕೆ ಮಾಟವೂ ಗೊತ್ತಿತ್ತು ಪುಣ್ಯಾತ್ಮನಿಗೆ! ಒಂದು ಸೋಮವಾರ ಸುಲ್ತಾನನ ಮೇಲೆ ಬೂದಿ ಎರಚಿ, ಅವನನ್ನು ಲಾವಕ್ಕಿ ಮಾಡಿ, ಬುರುಜಿನ ಪಂಜರದಲ್ಲಿ ಕೂಡಿಹಾಕಿದ. "ಸುಲ್ತಾನರು ತೀರಿಕೊಂಡರು" ಎಂದು ಡಂಗುರ ಹೊಡೆಸಿದ. ಆ ರಾಜ್ಯದಲ್ಲಿ ಶುಕ್ರವಾರದ ನಮಾಜಿಗೆ ಖುತ್ಬಾ ಎಂಬ ಪ್ರವಚನ ಓದುವಾಗ ಯಾರ ಹೆಸರು ಹೇಳುತ್ತಾರೋ ಅವರೇ ಸುಲ್ತಾನರು. ತುಘಾನನ ಹೆಸರು ಒಮ್ಮೆ ಓದಿಬಿಟ್ಟರೆ ಮುಗಿಯಿತು, ಫರ್ರುಖ್ ಸಾಯುವವರೆಗೂ ಲಾವಕ್ಕಿಯೇ.

ಜಾಲಂದ್ರದ ಹಿಂದಿನಿಂದ ಮೆಹರಂಗೇಜ್ ಎಲ್ಲವನ್ನೂ ಕಣ್ಣಾರೆ ಕಂಡಿದ್ದಳು. ಅಮೀರರಿಗೆ ಹೇಳಿದರೆ ಅವರು, "ಪಾಪ, ದುಃಖಕ್ಕೆ ತಲೆ ಕೆಟ್ಟಿದೆ" ಎಂದು ತಲೆಯಾಡಿಸಿದರು. ಸರಿ, ತಾನೇ ಹೊರಟಳು.

ಮಂಗಳವಾರ ಬುರುಜಿನ ಬಾಗಿಲಿಗೆ ಹೋದಳು. ಅಲ್ಲಿ ಕಬ್ಬಿಣದ ಹುಲಿ ಕೂತಿತ್ತು. "ದಾರಿ ಬಿಡಪ್ಪಾ" ಎಂದು ಒಂದು ತಟ್ಟೆ ಕಬಾಬು ಇಟ್ಟಳು. ಹುಲಿ ತಿಂದು, ಬಾಯಿ ಒರೆಸಿಕೊಂಡು, "ವಜೀರರ ಅಪ್ಪಣೆ ತನ್ನಿ ತಾಯಿ, ನಾನು ಅವರ ಆಳು" ಎಂದಿತು.

ಬುಧವಾರ ಹಿತ್ತಿಲ ಕಿಟಕಿಗೆ ಹೋದಳು. ಅಲ್ಲಿ ಎರಡು ತಲೆಯ ಹಾವು. ಕೊಳಲು ನುಡಿಸಿದಳು. ಹಾವು ಎರಡೂ ತಲೆ ತೂಗಿ, "ಚೆನ್ನಾಗಿತ್ತು ತಾಯಿ. ವಜೀರರ ಅಪ್ಪಣೆ ತನ್ನಿ, ನಾನು ಅವರ ಆಳು" ಎಂದಿತು.

ಗುರುವಾರ ಹಗ್ಗ ಹಿಡಿದು ಮಾಳಿಗೆಗೇ ಹತ್ತಿದಳು. ಅಲ್ಲಿ ಬೆಟ್ಟದಂಥ ಜಿನ್ನು! ಅದರ ಕಾಲಸಂದಿಯಲ್ಲಿ ಪಂಜರ, ಪಂಜರದಲ್ಲಿ ತಮ್ಮ. ಮೆಹರಂಗೇಜ್ ಅಲ್ಲೇ ಕೂತು ಅತ್ತೇಬಿಟ್ಟಳು.

ಜಿನ್ನಿಗೆ ಪಿಚ್ಚೆನಿಸಿತು. "ಅಳಬೇಡಿ ತಾಯಿ. ನಾವು ವಜೀರರ ಆಳುಗಳು. ವಜೀರರೇ ಇನ್ನೊಬ್ಬರ ಆಳಾಗಿದ್ದರೆ ಆ ಯಜಮಾನರ ಮಾತನ್ನೇ ಮೊದಲು ಕೇಳುತ್ತಿದ್ದೆವು. ಆದರೆ ಅವರು ಯಾರಿಗೆ ತಾನೇ ತಲೆಬಾಗಿಯಾರು?"

ಮೆಹರಂಗೇಜ್ ಕಣ್ಣೊರೆಸಿಕೊಂಡು, "ಜಂಬ ಮಾಡುವವರೇ ಬೇಗ ಬಾಗುವುದು" ಎಂದು ನಕ್ಕು ಇಳಿದಳು.

ಶುಕ್ರವಾರ ಬೆಳಿಗ್ಗೆ ದರ್ಬಾರು ಸೇರಿತು. ಶಹಜಾದಿ ಪರದೆ ಸರಿಸಿ ಬಂದಳು, ಕೈಯಲ್ಲಿ ಜರತಾರಿ ನಿಲುವಂಗಿ. ಅದೇ ಖಿಲ್ಲತ್ತು. ಅದನ್ನು ಯಾರ ಕೈಯಿಂದ ತೊಟ್ಟರೋ ಅವರಿಗೆ ಆಳಾದಂತೆ, ಇದು ಅರಮನೆಯ ಹಳೇ ಪದ್ಧತಿ.

"ಈ ರಾಜ್ಯದ ಅತಿ ದೊಡ್ಡ ಮನುಷ್ಯನಿಗೆ ಇದು ನನ್ನ ಖಿಲ್ಲತ್ತು" ಎಂದಳು. ತುಘಾನ ಎದೆ ಸೆಟೆಸಿದ. ಶಹಜಾದಿ ಅವನತ್ತ ತಿರುಗಿಯೂ ನೋಡದೆ, "ಬಾರಪ್ಪಾ ಯಾಕೂಬ್" ಎಂದು ಬಾವರ್ಚಿಯನ್ನು ಕರೆದಳು!

ಯಾಕೂಬ್ ಸೌಟು ಹಿಡಿದೇ ಬಂದ. ಅಮೀರರು ಬಾಯಿಗೆ ರುಮಾಲು ಅಡ್ಡ ಹಿಡಿದು ಕಿಸಕ್ಕನೆ ನಕ್ಕರು. ತುಘಾನನಿಗೆ ಮೈಯೆಲ್ಲ ಉರಿಯಿತು.

"ಏನು! ನಾನಿರುವಾಗ ಸೌಟು ತಿರುಗಿಸುವವನಿಗೆ ಖಿಲ್ಲತ್ತೇ? ಕೊಡಿ ಇತ್ತ!"

"ನನ್ನ ಕೈಯಿಂದಲೇ ತೊಡುತ್ತೀರಾ, ವಜೀರರೇ?"

"ತೊಡಿಸಿ ಅಂದೆನಲ್ಲ!"

ತೊಡಿಸಿದಳು. ಗುಂಡಿ ಹಾಕಿದ್ದೇ ತಡ, ಬುರುಜು ಗಡಗಡ ನಡುಗಿತು. ಹುಲಿ, ಹಾವು, ಜಿನ್ನು ಮೂರೂ ದರ್ಬಾರಿಗೆ ಬಂದು ಶಹಜಾದಿಗೆ ಸಲಾಮು ಹೊಡೆದವು. "ನಮ್ಮ ಯಜಮಾನನಿಗೂ ಯಜಮಾನಿ ನೀವು. ಅಪ್ಪಣೆಯಾಗಲಿ."

"ನನ್ನ ತಮ್ಮನನ್ನು ಕೊಡಿ!"

ಜಿನ್ನು ತಾನು ತಂದಿದ್ದ ಪಂಜರದ ಮೇಲೆ ಉಸಿರು ಊದಿತು. ಫರ್ರುಖ್ ಎದ್ದು ನಿಂತ, ತುಟಿಯಂಚಿನಲ್ಲಿ ಇನ್ನೂ ಒಂದು ನವಣೆಕಾಳು. ಅಕ್ಕ ಅವನನ್ನು ತಬ್ಬಿಕೊಂಡು ಮನಸಾರೆ ಅತ್ತಳು. ಅಮೀರರು ನಾಚಿ ತಲೆ ತಗ್ಗಿಸಿದರು.

"ಇವನನ್ನು ನುಂಗಲೇ?" ಎಂದು ಹುಲಿ ತುಘಾನನನ್ನು ನೋಡಿತು.

"ಬೇಡ. ಯಾಕೂಬನ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚಲಿ. ಇವನ ಮಾಟವನ್ನೆಲ್ಲ ಕಿತ್ತುಕೊಂಡು ನೀವೂ ಬಿಡುಗಡೆಯಾಗಿ ಹೋಗಿ" ಎಂದಳು. ಮೂರೂ ಕುಣಿಯುತ್ತಾ ಕಾಡಿಗೆ ಹೋದವು.

ಅಷ್ಟರಲ್ಲಿ ಮಧ್ಯಾಹ್ನವಾಯಿತು. "ಹೊರಡು, ಖುತ್ಬಾಕ್ಕೆ ಹೊತ್ತಾಯಿತು, ನಿನ್ನ ಹೆಸರು ಓದಬೇಕು" ಎಂದಳು ಅಕ್ಕ.

"ಆಪಾ, ಕಾಳು ತಿನ್ನುತ್ತಾ ಕೂತಿದ್ದವನು ನಾನು. ರಾಜ್ಯ ಉಳಿಸಿದವಳು ನೀನು."

ಅಂದು ಮಸೀದಿಯಲ್ಲಿ ಮೊದಲು ಮೆಹರಂಗೇಜ್ ಎಂಬ ಹೆಸರು ಕೇಳಿಸಿತು, ಆಮೇಲೆ ಫರ್ರುಖ್. ಜನ ಒಂದು ಗಳಿಗೆ ದಂಗಾದರು. ಮೊದಲು "ಆಮೀನ್" ಎಂದು ಕೂಗಿದವನು ತಮ್ಮನೇ. ಆಮೇಲೆ ಇಡೀ ಊರು ಕೂಗಿತು. ಅಕ್ಕ ತಮ್ಮ ಇಬ್ಬರೂ ಬಹುಕಾಲ ಆಳಿದರು, ಊರೂ ಹಾಯಾಗಿತ್ತು.