ದಾಸ್ತಾನು ಕೋಣೆಯ ಬೆಂಕಿ

ಮಂಗಳವಾರ, ಇಪ್ಪತ್ತೇಳನೇ ತಾರೀಕು, ಸಂಜೆ ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಕೃಷಿ ಇಲಾಖೆಯ ಗುಮಾಸ್ತ ಠಾಣೆಗೆ ಬಂದು ದೂರು ಕೊಟ್ಟ. ದೂರು ಮೂರು ಪ್ರತಿಯಲ್ಲಿ ಟೈಪಾಗಿತ್ತು, ಮೊಹರೂ ಬಿದ್ದಿತ್ತು. ಮಧ್ಯಾಹ್ನ ಒಂದೂಮುಕ್ಕಾಲಿಗೆ ಸಿಬ್ಬಂದಿ ಊಟಕ್ಕೆ ಹೋಗಿದ್ದಾಗ ಕಚೇರಿಯ ದಾಸ್ತಾನು ಕೋಣೆಗೆ ಬೆಂಕಿ ಬಿದ್ದು ಇಪ್ಪತ್ತು ವರ್ಷದ ದಾಸ್ತಾನು ಪುಸ್ತಕಗಳು ಸುಟ್ಟಿವೆ. ಬೆಂಕಿ ಇಟ್ಟವಳು ಕಸ ಗುಡಿಸುವ ಹೆಂಗಸು. ಕೆಲಸ ಕಾಯಂ ಆಗದ ಸಿಟ್ಟಿಗೆ ಹೀಗೆ ಮಾಡಿದ್ದಾಳೆ. ಕೆಳಗೆ ಸಹಾಯಕ ನಿರ್ದೇಶಕರ ಸಹಿ.

ಇನ್‌ಸ್ಪೆಕ್ಟರ್ ಅದನ್ನು ಎರಡು ಸಲ ಓದಿದ. ಈ ಇಲಾಖೆಯಲ್ಲಿ ಒಂದು ಅರ್ಜಿ ಈ ಮೇಜಿನಿಂದ ಆ ಮೇಜಿಗೆ ಹೋಗಲು ತಿಂಗಳು ಬೇಕು. ಇಲ್ಲಿ ಎರಡೂವರೆ ಗಂಟೆಯಲ್ಲಿ ಅಪರಾಧಿಯೂ ಸಿಕ್ಕಿದ್ದಾಳೆ, ಕಾರಣವೂ ಸಿಕ್ಕಿದೆ.

“ಇವರಿಗೆ ಇಷ್ಟು ಚುರುಕು ಯಾವಾಗ ಬಂತಪ್ಪಾ?” ಎಂದ ಪಕ್ಕದ ದಫೇದಾರನಿಗೆ.

“ಯಾರದೋ ಬುಡಕ್ಕೆ ಬಂದಿರ್ಬೇಕು ಸಾರ್.”

ಎಫ್‌ಐಆರ್‌ನಲ್ಲಿ ಆರೋಪಿಯ ಹೆಸರಿನ ಜಾಗದಲ್ಲಿ ‘ಗೊತ್ತಾಗಿಲ್ಲ’ ಎಂದು ಬರೆಸಿದ. “ಅವಳ ಹೆಸರು ಹಾಕಿಸ್ಲೇಬೇಕು ಅಂತ ಸಾಹೇಬ್ರು ಹೇಳಿದ್ರು” ಎಂದು ಗುಮಾಸ್ತ ಗೊಣಗಿದ. ಇನ್‌ಸ್ಪೆಕ್ಟರ್ ತಲೆ ಎತ್ತಿ ನೋಡಿದ ಮೇಲೆ ಇಂಗು ತಿಂದ ಮಂಗನ ಹಾಗೆ ಮುಖ ಮಾಡಿಕೊಂಡು ಹೊರಟುಹೋದ.

ಐದೂಕಾಲಿಗೆ ಇಬ್ಬರು ಸಾಕ್ಷಿಗಳನ್ನು ನಿಲ್ಲಿಸಿಕೊಂಡು ಸ್ಥಳ ಪಂಚನಾಮೆ ನಡೆಯಿತು. ಬೀಗ ಒಡೆದಿರಲಿಲ್ಲ. ಕೋಣೆಗೆ ಎರಡು ಕೀಲಿ, ಒಂದು ಪಡಸಾಲೆಯ ಮೊಳೆಯಲ್ಲಿ, ಇನ್ನೊಂದು ಸಾಹೇಬರ ಡ್ರಾಯರಿನಲ್ಲಿ. ಒಳಗೆ ಪೆಟ್ರೋಲಿನ ವಾಸನೆ ಇನ್ನೂ ಮೂಗಿಗೆ ಹೊಡೆಯುತ್ತಿತ್ತು. ಪುಸ್ತಕದ ಕಪಾಟು ಮಾತ್ರ ಬೂದಿ. ಮೂಲೆಯಲ್ಲಿದ್ದ ಒಂಬತ್ತು ಔಷಧಿ ಸಿಂಪಡಿಸುವ ಯಂತ್ರಗಳಿಗೆ ಮಸಿ ಬಿಟ್ಟರೆ ಏನೂ ಆಗಿರಲಿಲ್ಲ. ಬೆಂಕಿಗೆ ಓದು ಬರಹ ಗೊತ್ತಿತ್ತೋ ಏನೋ. ಅಂಗಳದಲ್ಲಿ ಇಲಾಖೆಯ ಜೀಪು ನಾಲ್ಕು ಕಲ್ಲಿನ ಮೇಲೆ ಕೂತಿತ್ತು. ಚಕ್ರವಿಲ್ಲ, ಬಾನೆಟ್ಟಿನ ಕೆಳಗೆ ಎಂಜಿನ್ನೂ ಇಲ್ಲ.

ಗುಡಿಸುವ ಹೆಂಗಸು ಮೆಟ್ಟಿಲ ಮೇಲೆ ಕೂತಿದ್ದಳು. ಪೊಲೀಸರನ್ನು ಕಂಡು ಎದ್ದುನಿಂತಳು.

“ಕೂತ್ಕೊಳ್ಳಿ ಅಮ್ಮ. ಬೆಂಕಿ ಬಿದ್ದಾಗ ಎಲ್ಲಿದ್ರಿ?”

“ಹಿಂದಿನ ನಲ್ಲೀಲಿ ಲೋಟ ತೊಳೀತಿದ್ದೆ ಸಾರ್.”

“ನೋಡಿದೋರು ಯಾರಾದ್ರೂ?”

“ನನ್ನನ್ನ ಯಾರು ನೋಡ್ತಾರೆ?” ಎಂದಳು. ಆಮೇಲೆ ಸೆರಗಿನ ತುದಿ ಹಿಂಡುತ್ತ, “ಹತ್ತೊಂಬತ್ತು ವರ್ಷದಿಂದ ದಿನಗೂಲಿ. ಮೂವತ್ತಕ್ಕೆ ಕಾಯಂ ಪಟ್ಟಿ ಹೋಗುತ್ತೆ. ಬರೋ ವರ್ಷ ನಂಗೆ ಅರವತ್ತು. ಈ ಸಲ ತಪ್ಪಿದ್ರೆ ಪಿಂಚಣಿ ಇಲ್ಲ, ಏನೂ ಇಲ್ಲ. ಕೇಸು ಬಿದ್ರೆ ಹೆಸರೇ ಹೊಡೆದುಹಾಕ್ತಾರಂತೆ. ಇಂಥ ಹೊತ್ತಲ್ಲಿ ನಾನ್ಯಾಕೆ ಸಾರ್ ಕಡ್ಡಿ ಗೀರ್ತೀನಿ?”

ಮೂವತ್ತಕ್ಕೆ ಮೂರೇ ದಿನ. ಹೊಟ್ಟೆ ಮೇಲೆ ಹೊಡೆಯುವುದಕ್ಕೂ ದಿನ ನೋಡಿಟ್ಟಿದ್ದಾರೆ ಬೋಳಿಮಕ್ಕಳು, ಎಂದುಕೊಂಡ ಇನ್‌ಸ್ಪೆಕ್ಟರ್.

ಬುಧವಾರ ಬೆಳಿಗ್ಗೆ ಹತ್ತೂವರೆಗೆ ಅವನು ಸಾಹೇಬರ ಕೋಣೆಯ ಹೊರಗೆ ಕೂತ. ಅಲ್ಲಿ ಇನ್ನೊಬ್ಬಳೂ ಕಾಯುತ್ತಿದ್ದಳು. ಸಾಹೇಬರು ತಿಂಗಳ ಕೊನೆಗೆ ನಿವೃತ್ತರಾಗುತ್ತಾರೆ. ಅವರ ಜಾಗಕ್ಕೆ ಬಂದ ಹೊಸ ಅಧಿಕಾರಿಣಿ ಅವಳು. ತೊಡೆಯ ಮೇಲೆ ಚಾರ್ಜ್ ಪಟ್ಟಿ ಇತ್ತು.

“ಇದೇನಮ್ಮ?”

“ಕಚೇರಿಯ ಸಾಮಾನಿನ ಪಟ್ಟಿ. ಎಲ್ಲಾ ಸರಿಯಾಗಿ ತಗೊಂಡೆ ಅಂತ ನಾನು ಸಹಿ ಹಾಕ್ಬೇಕು. ಸಿಂಪಡಿಸೋ ಯಂತ್ರ ಇನ್ನೂರ ಹನ್ನೆರಡು ಅಂತಿದೆ. ಎಣಿಸಿ ಹಾಕ್ತೀನಿ ಅಂದೆ. ಬುಧವಾರ ಎಣಿಸೋಣ ಅಂದ್ರು. ಮಂಗಳವಾರ ಬೆಂಕಿ ಬಿತ್ತು.”

“ಎಣಿಸ್ತೀನಿ ಅಂದಾಗ ಏನಂದ್ರು?”

“ಮೊದ್ಲು ನಕ್ರು. ಆಮೇಲೆ ಬೆವರು ಒರೆಸ್ಕೊಂಡ್ರು.”

ಸಾಹೇಬರು ಹನ್ನೊಂದು ಗಂಟೆ ನಲವತ್ತು ನಿಮಿಷಕ್ಕೆ ದಯಮಾಡಿಸಿದರು.

“ನಿನ್ನೆ ಒಂದೂಮುಕ್ಕಾಲಿಗೆ ತಾವೆಲ್ಲಿದ್ರಿ?”

“ಪ್ರವಾಸದಲ್ಲಿ. ಹೊಲ ನೋಡೋಕೆ ಹೋಗಿದ್ದೆ. ಬೆಳಿಗ್ಗೆ ಹತ್ತಕ್ಕೆ ಹೋದೋನು ಮೂರೂವರೆಗೆ ಬಂದೆ.”

“ಹೇಗೆ ಹೋದ್ರಿ?”

“ಇಲಾಖೆ ಜೀಪಲ್ಲಿ.” ಸಾಹೇಬರು ಗಂಟೆ ಒತ್ತಿ ಲಾಗ್ ಪುಸ್ತಕ ತರಿಸಿದರು. “ನೋಡಿ. ಎಲ್ಲಾ ದಾಖಲೆ ಇದೆ.”

ದಾಖಲೆ ಇತ್ತು. ಹೋಗಲು ನಲವತ್ತೆರಡು ಕಿಲೋಮೀಟರ್, ಬರಲು ನಲವತ್ತೆರಡು. ಪೆಟ್ರೋಲು ಐದು ಲೀಟರ್, ಚೀಟಿಯ ನಂಬರು ಸಮೇತ. ಡ್ರೈವರನ ಸಹಿ, ಸಾಹೇಬರ ಸಹಿ. ಹಿಂದಿನ ಮಂಗಳವಾರವೂ ಹಾಗೆಯೇ, ಅದರ ಹಿಂದಿನದೂ ಹಾಗೆಯೇ. ಎರಡು ವರ್ಷ ಒಂದು ವಾರವೂ ತಪ್ಪಿಲ್ಲ. ದಫೇದಾರ ಬಗ್ಗಿ ಕಿವಿಯಲ್ಲಿ ಹೇಳಿದ: ಡ್ರೈವರ್ ನಿವೃತ್ತನಾಗಿ ಮೂರು ವರ್ಷವಾಗಿದೆ. ಸಹಿ ಮಾತ್ರ ಇನ್ನೂ ನೌಕರಿಯಲ್ಲಿತ್ತು.

“ಯಾವ ಜೀಪು? ಅದೇನಾ?” ಎಂದು ಇನ್‌ಸ್ಪೆಕ್ಟರ್ ಕಿಟಕಿ ತೋರಿಸಿದ.

ಸಾಹೇಬರು ಹೊರಗೆ ನೋಡಿದರು. ನಾಟಕವಲ್ಲ, ನಿಜಕ್ಕೂ ಮೊದಲ ಸಲ ನೋಡುವವರ ಹಾಗೆ ನೋಡಿದರು. ಪುಸ್ತಕದಲ್ಲಿ ವಾರವಾರವೂ ಓಡುತ್ತಿದ್ದ ಗಾಡಿ ಹೊರಗೆ ಕಲ್ಲಿನ ಮೇಲೆ ಕೂತಿರುತ್ತದೆ ಎಂಬುದು ಪುಣ್ಯಾತ್ಮರ ತಲೆಯಿಂದಲೇ ಹಾರಿಹೋಗಿತ್ತು. ಪೊಲೀಸರ ಕಣ್ಣಿಗೆ ಮಣ್ಣೆರಚಲು ಬಂದವರು ಎಷ್ಟೋ ಜನ. ತನ್ನ ಕಣ್ಣಿಗೆ ತಾನೇ ಇಷ್ಟು ವರ್ಷ ಎರಚಿಕೊಂಡವನನ್ನು ಇನ್‌ಸ್ಪೆಕ್ಟರ್ ಇದೇ ಮೊದಲು ಕಂಡದ್ದು.

“ಅದು... ಬೇರೆ ಗಾಡಿ ಇರ್ಬೇಕು.”

“ನಂಬರ್ ಅದೇ ಇದೆಯಲ್ಲ ಸಾರ್.”

ಸುಳ್ಳು ಹೇಳಿದ್ದು ಸಾಬೀತಾದರೆ ಬೆಂಕಿ ಇಟ್ಟದ್ದು ಸಾಬೀತಾಗುವುದಿಲ್ಲ. ಲಾಗ್ ಪುಸ್ತಕವನ್ನು ಜಪ್ತಿ ಮಾಡಿ, ಚೀಟಿಯ ನಂಬರು ಬರೆದುಕೊಟ್ಟು ದಫೇದಾರನನ್ನು ಪೆಟ್ರೋಲ್ ಬಂಕಿಗೆ ಅಟ್ಟಿದ. ಮಧ್ಯಾಹ್ನ ಎರಡಕ್ಕೆ ಅವನು ಬಂಕಿನ ಕೆಲಸದವನನ್ನೇ ಕರೆದುಕೊಂಡು ಬಂದ. ಹೇಳಿಕೆ ದಾಖಲಾಯಿತು.

“ವಾರಾ ವಾರಾ ಸಾಹೇಬ್ರೇ ಬಂದು ಚೀಟಿ ಕೊಟ್ಟು ದುಡ್ಡು ತಗೊಂಡು ಹೋಗ್ತಾರೆ ಸಾರ್. ಪೆಟ್ರೋಲ್ ಯಾವತ್ತೂ ಕೇಳಿಲ್ಲ. ನಿನ್ನೆ ಮಾತ್ರ ಕ್ಯಾನು ತಂದು, ಇವತ್ತು ಪೆಟ್ರೋಲೇ ಹಾಕಪ್ಪಾ ಅಂದ್ರು. ನಂಗೇ ಗಾಬರಿ ಆಯ್ತು.”

“ಚೀಟಿ?”

“ಕೊಟ್ರು. ಸಹಿನೂ ಹಾಕಿದ್ರು.”

ದಫೇದಾರ ನಗು ತಡೆಯಲಾರದೆ ಗೋಡೆಯ ಕಡೆ ತಿರುಗಿದ. ತನ್ನದೇ ಕಚೇರಿಗೆ ಬೆಂಕಿ ಇಡಲು ಹೊರಟವನಿಗೆ ಐದು ಲೀಟರ್ ಪೆಟ್ರೋಲಿಗೆ ಕೈಯಿಂದ ಕಾಸು ಬಿಚ್ಚಲು ಮನಸ್ಸು ಬಂದಿರಲಿಲ್ಲ. ಸರ್ಕಾರದ ಖರ್ಚಿನಲ್ಲಿ, ನಿಯಮದ ಪ್ರಕಾರ, ಎರಡು ಪ್ರತಿಯಲ್ಲಿ ಸಹಿ ಹಾಕಿ ಬೆಂಕಿ ಇಟ್ಟಿದ್ದರು.

ಸಂಜೆ ಐದೂ ಇಪ್ಪತ್ತಕ್ಕೆ ಬಂಧನವಾಯಿತು. ಖಾಲಿ ಕ್ಯಾನನ್ನು ತಮ್ಮ ಕೋಣೆಯ ಬಚ್ಚಲಿನ ಹಿಂದಿನಿಂದ ಸಾಹೇಬರೇ ತೆಗೆದುಕೊಟ್ಟರು. ಹೇಳಿಕೆಯಲ್ಲಿ ಅವರು ತಡವರಿಸಲಿಲ್ಲ.

“ಪೆಟ್ರೋಲ್ ದುಡ್ಡು ಬಿಟ್ರೆ ನಾನೇನೂ ತಿಂದಿಲ್ಲ. ಆ ಯಂತ್ರಗಳು ನಾನು ಬರೋಕೆ ಮುಂಚೆನೇ ಇರ್ಲಿಲ್ಲ. ಮೊದಲ ದಿನ ಹಿಂದಿನವರು ಪಟ್ಟಿ ಮುಂದಿಟ್ರು. ಎಣಿಸ್ಬೇಕಾ ಅಂತ ಕೇಳ್ದೆ. ನಕ್ಕುಬಿಟ್ರು. ಸುತ್ತ ಇದ್ದೋರೆಲ್ಲ ನಕ್ರು. ನಾಚಿಕೆ ಆಯ್ತು, ಸಹಿ ಹಾಕ್ದೆ.” ಆಮೇಲೆ ಹೇಳಿದರು: “ಈ ಹುಡುಗಿ ಮುಂದೆ ನಾನೂ ನಕ್ಕೆ. ಅವಳಿಗೆ ನಾಚಿಕೆ ಆಗ್ಲಿಲ್ಲ.”

ಇನ್‌ಸ್ಪೆಕ್ಟರ್‌ಗೆ ಒಂದು ಗಳಿಗೆ ಅಯ್ಯೋ ಅನ್ನಿಸಿತು. “ಆ ಹೆಂಗಸಿನ ತಲೆ ಮೇಲೆ ಯಾಕೆ ಗೂಬೆ ಕೂರಿಸಿದ್ರಿ?”

“ದಿನಗೂಲಿ ಅಲ್ವಾ. ಎಲ್ಲಾದ್ರೂ ಗುಡಿಸ್ಕೊಂಡು ಇರ್ತಾಳೆ. ನಂದು ಪಿಂಚಣಿ ವಿಷಯ.”

ಅಯ್ಯೋ ಅನ್ನಿಸಿದ್ದು ಅಲ್ಲಿಗೇ ನಿಂತಿತು.

ಕೀಲಿಗಾಗಿ ಡ್ರಾಯರು ಹುಡುಕುವಾಗ ಕೀಲಿಯ ಕೆಳಗೆ ಒಂದು ಕಡತ ಸಿಕ್ಕಿತು. ಗುಡಿಸುವ ಹೆಂಗಸಿನ ಕಾಯಂ ಕಡತ. ಮೂರು ವರ್ಷದಲ್ಲಿ ಏಳು ಸಲ ಸಾಹೇಬರ ಮುಂದೆ ಬಂದಿತ್ತು. ಏಳು ಸಲವೂ ಕೆಂಪು ಶಾಯಿಯಲ್ಲಿ ಒಂದೇ ಮಾತು: ‘ಕೂಲಂಕಷವಾಗಿ ಪರಿಶೀಲಿಸಿ ಮತ್ತೆ ಮಂಡಿಸಿ.’ ಕಾಣದ ಯಂತ್ರಕ್ಕೆ, ಓಡದ ಜೀಪಿಗೆ, ಇಲ್ಲದ ಡ್ರೈವರಿಗೆ ಕಣ್ಣುಮುಚ್ಚಿ ಸಹಿ ಹಾಕಿದ ಮನುಷ್ಯ ಇದೊಂದನ್ನು ಮಾತ್ರ ಪರಿಶೀಲನೆಗೆ ಇಟ್ಟಿದ್ದರು. ಪ್ರಕರಣಕ್ಕೆ ಸಂಬಂಧಿಸಿದ್ದಲ್ಲ ಎಂದು ಪಂಚನಾಮೆಯಿಂದ ಅದನ್ನು ಬಿಟ್ಟು, ಇನ್‌ಸ್ಪೆಕ್ಟರ್ ಹೊಸ ಅಧಿಕಾರಿಣಿಯ ಕೈಗೆ ಕೊಟ್ಟ.

ಅವಳು ಗುರುವಾರ ಒಂಬತ್ತು ಯಂತ್ರ ಎಣಿಸಿ, ಒಂಬತ್ತು ಎಂದೇ ಬರೆದು ಅಧಿಕಾರ ವಹಿಸಿಕೊಂಡಳು. ಆಮೇಲೆ ಕಡತ ಬಿಡಿಸಿ, ಪಡಸಾಲೆ ಗುಡಿಸುತ್ತಿದ್ದವಳನ್ನು ಒಳಗೆ ಕರೆದು, ಅದರಲ್ಲಿದ್ದ ಫೋಟೋ ತೋರಿಸಿದಳು.

“ಇದು ನೀವೇನಾ?”

“ಹೌದಮ್ಮ.”

ಪರಿಶೀಲನೆ ಮುಗಿಯಿತು. ಅವಳು ಸಹಿ ಹಾಕಿದಳು.