ಕೈ ತೆಗೀರಿ

ನಾನು ಟೈಲರ್. ಅಂಗಡಿಯಲ್ಲಿ ಯಾರಾದರೂ ದೆವ್ವದ ಮಾತೆತ್ತಿದರೆ ಬೈದು ಕಳಿಸುವ ಆಸಾಮಿ. ಆದರೂ ನನ್ನ ಹೊಟ್ಟೆನೋವಿನ ವಿಷಯದಲ್ಲಿ ನಡೆದದ್ದನ್ನು ನಡೆದ ಹಾಗೆಯೇ ಹೇಳುತ್ತೇನೆ.

ತಿಂಗಳುಗಟ್ಟಲೆ ಬಲಪಕ್ಕೆಯ ಕೆಳಗೆ ಯಾರೋ ಒತ್ತಿ ಹಿಡಿದಂಥ ನೋವು. ಮೆಷಿನ್ನಿನ ಮುಂದೆ ಬಾಗಲಾಗುತ್ತಿರಲಿಲ್ಲ. ಡಾಕ್ಟರು ಗ್ಯಾಸ್ಟ್ರಿಕ್ ಅಂದರು, ಹುಣ್ಣಿರಬಹುದು ಅಂದರು, ಕೊನೆಗೆ ಪಿತ್ತಕೋಶದಲ್ಲಿ ಕಲ್ಲಿದೆಯೋ ನೋಡೋಣವೆಂದು ಸ್ಕ್ಯಾನಿಂಗಿಗೆ ಬರೆದುಕೊಟ್ಟರು.

ಮಟಮಟ ಮಧ್ಯಾಹ್ನ. ಹೆಂಡತಿ ಹೊರಗಿನ ಬೆಂಚಿನಲ್ಲಿ ಕೂತಳು. ಒಳಗೆ ಸ್ಕ್ಯಾನ್ ಮಾಡುವ ಡಾಕ್ಟರಮ್ಮ ಒಬ್ಬರೇ. ಅವರು ಹೇಳಿದಂತೆ ಎರಡೂ ಕೈ ತಲೆಯಡಿ ಇಟ್ಟು ಮಲಗಿದೆ. ಹೊಟ್ಟೆಗೆ ತಣ್ಣನೆಯ ಜೆಲ್ ಸವರಿ, ಪರದೆ ನೋಡುತ್ತಾ ಪರೀಕ್ಷೆ ಶುರುಮಾಡಿದರು.

"ಕೈ ತೆಗೀರಿ, ಅಡ್ಡ ಬರ್ತಿದೆ."

"ಕೈ ತಲೆ ಕೆಳಗಿದೆ ಮೇಡಂ."

"ಬೆರಳು ಅಡ್ಡ ಇಟ್ರೆ ಏನೂ ಕಾಣಲ್ಲ ರೀ!" ಎಂದು ರೇಗಿ ತಿರುಗಿದವರು ನನ್ನ ಹೊಟ್ಟೆ ನೋಡಿದರು, ಮೊಣಕೈಗಳನ್ನು ನೋಡಿದರು. ಗಡಿಬಿಡಿಯಲ್ಲಿ ಸ್ಕ್ಯಾನ್ ಮುಗಿಸಿದರು. ಒರೆಸಿಕೊಳ್ಳಲು ಬಟ್ಟೆಯನ್ನು ದೂರದಿಂದಲೇ ಎಸೆದರು.

ಹೊಟ್ಟೆಯಿಡೀ ಜೆಲ್ ಅಂಟಿತ್ತು. ಬಲಪಕ್ಕೆಯ ಕೆಳಗೆ ಮಾತ್ರ ಅಂಗೈಯಗಲ ಜಾಗ ಒಣಗಿತ್ತು.

ರಿಪೋರ್ಟಿನಲ್ಲಿ ಕಲ್ಲಿಲ್ಲ, ಊತವಿಲ್ಲ. "ಏನೂ ಇಲ್ವಂತಲ್ಲ, ಬಿಡ್ರಿ" ಎಂದು ಹೆಂಡತಿ ನಿಟ್ಟುಸಿರಿಟ್ಟಳು. ವಾರ ಕಳೆಯುವುದರೊಳಗೆ ನೋವು ಎಡಪಕ್ಕೆಯಲ್ಲೂ ಕಾಣಿಸಿಕೊಂಡಿತು.

ಮೊನ್ನೆ ಬೇರೆ ಕಡೆ ಸ್ಕ್ಯಾನ್ ಮಾಡಿಸಿದೆ. ಗುರುತು ಪರಿಚಯವಿಲ್ಲದ ಡಾಕ್ಟರು. ಹಿಂದಿನದರ ಬಗ್ಗೆ ನಾನು ಬಾಯಿ ಬಿಟ್ಟಿರಲಿಲ್ಲ. ಬೆರಳುಗಳನ್ನು ತಲೆಯಡಿ ಗಟ್ಟಿಯಾಗಿ ಹೆಣೆದುಕೊಂಡು ಮಲಗಿದ್ದೆ. ಅವರು ಪರದೆಯಿಂದ ಕಣ್ಣು ಕೀಳದೆ ಹೇಳಿದರು:

"ಎರಡೂ ಕೈ ತೆಗೀರಿ ಸಾರ್."